ಕಂಪ್ಯೂಟರಿನಲ್ಲಿ ಕಟ್ಟಿದ ಮನೆ

"ಗುರುಗಳೇ, ಎಲ್ಲವೂ ಸರಿಯಾಗಿದೆ. ಆದರೂ ನೋಡಿದವರು ನಂಬುವುದಿಲ್ಲ. ಏನು ಕಡಿಮೆಯಾಗಿದೆ?"

ಹೀಗೆ ಕೇಳಿದವನು ನಂದೀಶ. ಸಿನಿಮಾದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ವಿದ್ಯೆಯನ್ನು ಅವನು ಈ ಗುರುಗಳ ಬಳಿ ಕಲಿಯುತ್ತಿದ್ದ. ಒಂದು ಖಾಲಿ ತರಗತಿಯ ದೃಶ್ಯವನ್ನು ಮಾಡಿ ತಂದಿದ್ದ. ಅದನ್ನು ಕಂಡ ಗೆಳೆಯರೆಲ್ಲ ಚೆನ್ನಾಗಿದೆ ಎಂದಿದ್ದರು. ಆದರೆ ಇದು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲವೇ ಎಂದೂ ಕೇಳಿದ್ದರು.

ಗುರುಗಳು ದೃಶ್ಯವನ್ನು ಮತ್ತೊಮ್ಮೆ ನೋಡಿದರು. ಬೆಂಚುಗಳು, ಕರಿಹಲಗೆ, ಕಿಟಕಿಯಿಂದ ಬೀಳುವ ಬಿಸಿಲು. ಯಾವುದರಲ್ಲೂ ತಪ್ಪಿರಲಿಲ್ಲ. ಅವರು ತಮ್ಮ ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಸರಿಸಿದರು.

"ಕೂತುಕೋ. ನಿನ್ನಂತೆಯೇ ಕೇಳಿಕೊಂಡ ಒಬ್ಬನ ಕತೆ ಹೇಳುತ್ತೇನೆ."

ಮೈಸೂರಿನಲ್ಲಿ ಶ್ರೀಕಂಠ ಎಂಬ ಗ್ರಾಫಿಕ್ಸ್ ಕೆಲಸಗಾರನಿದ್ದ. ಸಿನಿಮಾದವರು ಕ್ಯಾಮೆರಾದಲ್ಲಿ ಹಿಡಿಯಲಾಗದ್ದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಅವನ ಕೆಲಸ. ತುಂಬಿ ಹರಿಯುವ ನದಿ ಬೇಕೆಂದರೆ ನದಿ, ಉರಿಯುವ ಕೋಟೆ ಬೇಕೆಂದರೆ ಕೋಟೆ. ಆ ಕೆಲಸದ ಗುಣವೇ ವಿಚಿತ್ರವಾದದ್ದು. ಇದು ಮಾಡಿದ್ದು ಎಂದು ನೋಡುವವರಿಗೆ ತಿಳಿದರೆ ಕೆಲಸ ಕೆಟ್ಟಿತು. ತಿಳಿಯದಿದ್ದರೆ ಕೆಲಸ ಗೆದ್ದಿತು. ಆದರೆ ಆಗ, ಇದನ್ನು ಮಾಡಿದವನೊಬ್ಬ ಇದ್ದಾನೆ ಎಂಬುದೇ ಯಾರಿಗೂ ಹೊಳೆಯುವುದಿಲ್ಲ. ಶ್ರೀಕಂಠನಿಗೆ ಅದರಿಂದ ಬೇಸರವಿರಲಿಲ್ಲ. ಕಾಣದೆ ಇರುವುದು ಅವನಿಗೆ ಒಗ್ಗಿತ್ತು.

ಅವನ ಹೆಂಡತಿ ವನಜಾ. ಅವಳು ಮನೆಯಲ್ಲಿಯೇ ಕೂತು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಅತ್ತೆ ಇರುವ ತನಕ ಆ ಮನೆಯಲ್ಲಿ ಮಾತಿತ್ತು. ಅತ್ತೆ ತೀರಿಕೊಂಡ ಮೇಲೆ ರೇಡಿಯೋ ಇತ್ತು. ಶ್ರೀಕಂಠ ಬೆಳಿಗ್ಗೆ ಹೊರಟರೆ ಊರು ಮಲಗಿದ ಮೇಲೆ ಮರಳುತ್ತಿದ್ದ. ಭಾನುವಾರ ಬಂದರೆ ನಿದ್ದೆ ಮಾಡುತ್ತಿದ್ದ. ಗಂಡಹೆಂಡಿರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಹೊತ್ತು ಅವರು ಒಟ್ಟಿಗೆ ಇರುತ್ತಲೂ ಇರಲಿಲ್ಲ.

ಒಮ್ಮೆ ಒಬ್ಬ ನಿರ್ದೇಶಕಿ ಶ್ರೀಕಂಠನನ್ನು ಹುಡುಕಿಕೊಂಡು ಬಂದಳು. ಅವಳ ಸಿನಿಮಾ ಅರ್ಧಕ್ಕೆ ನಿಂತಿತ್ತು. ಅದರ ಕತೆ ಇಷ್ಟು: ಒಂದು ಹಳೆಯ ಮನೆಯಲ್ಲಿ ಒಬ್ಬ ಹೆಂಗಸು ಯಾರೋ ಬರುತ್ತಾರೆಂದು ಕಾಯುತ್ತಾ ಬಾಳುತ್ತಾಳೆ. ಅವರು ಬರುವುದಿಲ್ಲ. ಕೊನೆಗೆ ಅವಳು ಮನೆ ಬಿಟ್ಟು ಹೊರಡುತ್ತಾಳೆ. ಅವಳು ಹೋದ ಮೇಲೆ ಕ್ಯಾಮೆರಾ ಒಂದೇ ಆ ಕೋಣೆಗಳಲ್ಲಿ ತಿರುಗಬೇಕು. ಮನುಷ್ಯರಿಲ್ಲ, ಮಾತಿಲ್ಲ, ಸಂಗೀತವೂ ಇಲ್ಲ. ಸಿನಿಮಾ ಮುಗಿಯುವುದು ಅಲ್ಲಿ. ಆದರೆ ಆ ದೃಶ್ಯ ತೆಗೆಯುವ ಮೊದಲೇ ಮನೆಯನ್ನು ಮಾರಿಬಿಟ್ಟಿದ್ದರು. ಕೊಂಡವರು ಅದನ್ನು ಕೆಡವಿದ್ದರು.

"ಅಳತೆಗಳಿವೆ, ಫೋಟೋಗಳಿವೆ," ಎಂದಳು ನಿರ್ದೇಶಕಿ. "ಆದರೆ ಎಲ್ಲ ಫೋಟೋದಲ್ಲೂ ನಟರು ನಿಂತಿದ್ದಾರೆ, ಲೈಟುಗಳು ನಿಂತಿವೆ. ಗೋಡೆ ಕಾಣುವುದಿಲ್ಲ. ನೀವು ಆ ಕೋಣೆಗಳನ್ನು ಕಟ್ಟಿಕೊಡಬೇಕು. ಅವಳ ಇಡೀ ಬಾಳು ಆ ಖಾಲಿ ಕೋಣೆಗಳಲ್ಲಿ ಕಾಣಬೇಕು. ಅದು ಕಾಣದಿದ್ದರೆ ನನ್ನ ಸಿನಿಮಾ ಇಲ್ಲ."

ಶ್ರೀಕಂಠ ಒಪ್ಪಿದ. ಅಳತೆಯಂತೆ ಗೋಡೆ ಎಬ್ಬಿಸಿದ. ಬಾಗಿಲು, ಕಿಟಕಿ, ಕೆಂಪು ನೆಲ, ಅಡುಗೆಮನೆಯ ಕಟ್ಟೆ, ಕಟ್ಟೆಯ ಮೇಲೆ ಪಾತ್ರೆ ಎಲ್ಲವನ್ನೂ ಇಟ್ಟ. ಹೊರಗಿನಿಂದ ಬಿಸಿಲು ಬಿಟ್ಟ. ಕ್ಯಾಮೆರಾವನ್ನು ಕೋಣೆಯಿಂದ ಕೋಣೆಗೆ ನಡೆಸಿದ. ನಿರ್ದೇಶಕಿ ಬಂದು ನೋಡಿದಳು.

"ಮನೆ ಚೆಂದವಿದೆ. ಇದು ಅವಳ ಮನೆಯಲ್ಲ," ಎಂದಳು.

ಶ್ರೀಕಂಠ ಅನುಭವಿ. ಎಲ್ಲಿ ತಪ್ಪಿದೆ ಎಂದು ಹುಡುಕತೊಡಗಿದ. ಅವನು ಮಾಡಿದ ಗೋಡೆಯ ಅಂಚುಗಳು ಕತ್ತಿಯಂತೆ ನೇರವಾಗಿದ್ದವು. ಗಾರೆಯವನ ಕೈಯಲ್ಲಿ ಅಂಚು ಅಷ್ಟು ನೇರ ಬರುವುದಿಲ್ಲ. ಅವುಗಳನ್ನು ಸ್ವಲ್ಪ ಮೊಂಡು ಮಾಡಿದ. ಪಾತ್ರೆಗಳು ಕಟ್ಟೆಯ ಮೇಲೆ ಕೂತಂತೆ ಕಾಣುತ್ತಿರಲಿಲ್ಲ, ತೇಲಿದಂತೆ ಕಾಣುತ್ತಿದ್ದವು. ಪಾತ್ರೆ ಕಲ್ಲಿಗೆ ತಗುಲುವ ಕಡೆ ತೆಳ್ಳನೆಯ ಕಪ್ಪು ನೆರಳು ಕೊಟ್ಟ. ಅವು ಕೂತವು. ಬಿಸಿಲು ಕೆಂಪು ನೆಲಕ್ಕೆ ಬಿದ್ದರೆ ಆ ಕೆಂಪು ಬಿಳಿ ಗೋಡೆಯ ಬುಡಕ್ಕೂ ಹತ್ತಬೇಕು. ಅದನ್ನು ಹತ್ತಿಸಿದ. ಅವನ ಕ್ಯಾಮೆರಾ ಗಾಳಿಯಲ್ಲಿ ಜಾರಿದಂತೆ ಹೋಗುತ್ತಿತ್ತು. ಹೊತ್ತ ಮನುಷ್ಯನ ಭಾರ ಅದರಲ್ಲಿರಲಿಲ್ಲ. ಅದಕ್ಕೆ ಹೆಜ್ಜೆಯ ಅಲುಗಾಟ ಕೊಟ್ಟ. ಹೊಸ್ತಿಲಿನ ಹತ್ತಿರ ಅದು ಒಂದಿಷ್ಟು ತಡೆಯುವಂತೆ ಮಾಡಿದ. ಆಮೇಲೆ ಗೋಡೆಗೆಲ್ಲ ಕೊಳೆ ಹಚ್ಚಿದ, ನೆಲಕ್ಕೆಲ್ಲ ಗೀರು ಹಾಕಿದ, ಮೂಲೆಗಳಲ್ಲಿ ಧೂಳು ತುಂಬಿದ.

ನಿರ್ದೇಶಕಿ ಮತ್ತೆ ಬಂದಳು. ಈ ಸಲ ಹೆಚ್ಚು ಹೊತ್ತು ನೋಡಿದಳು.

"ಇದು ನಿಜವಾದ ಮನೆ," ಎಂದಳು. "ಹಳೆಯ ಮನೆ. ಆದರೆ ಇಲ್ಲಿ ಯಾರೂ ಬಾಳಿಲ್ಲ."

ಅವಳು ಹೋದ ಮೇಲೆ ಶ್ರೀಕಂಠ ಆ ಮಾತನ್ನು ಬಹಳ ಯೋಚಿಸಿದ. ಆಗ ಅವನಿಗೆ ತಪ್ಪು ಕಂಡಿತು. ಕೊಳೆ ಎಲ್ಲ ಕಡೆಗೂ ಒಂದೇ ಸಮನಾಗಿತ್ತು. ಗೀರುಗಳೂ ಒಂದೇ ಸಮನಾಗಿದ್ದವು. ವಯಸ್ಸು ಮನೆಯನ್ನು ಎಲ್ಲ ಕಡೆ ಒಂದೇ ಸಮ ಹಳತು ಮಾಡುತ್ತದೆ. ಮನುಷ್ಯರು ಹಾಗೆ ಮಾಡುವುದಿಲ್ಲ. ಅವರು ಒಂದು ಜಾಗವನ್ನು ತುಳಿದು ತುಳಿದು ಸವೆಸುತ್ತಾರೆ, ಪಕ್ಕದ ಜಾಗವನ್ನು ಮುಟ್ಟುವುದೇ ಇಲ್ಲ. ಅವರು ಎಲ್ಲಿ ಮುಟ್ಟುತ್ತಾರೆ, ಎಲ್ಲಿ ಮುಟ್ಟುವುದಿಲ್ಲ ಎಂಬುದು ಶ್ರೀಕಂಠನಿಗೆ ಗೊತ್ತಿರಲಿಲ್ಲ. ಅದನ್ನು ಒಂದು ಬಾಳಿದ ಮನೆಯಲ್ಲಿ ನೋಡಿಯೇ ತಿಳಿಯಬೇಕು. ಅವನಿಗೆ ತನ್ನ ಮನೆಯ ನೆನಪಾಯಿತು.

ಮರುದಿನ ಅವನು ಮಧ್ಯಾಹ್ನವೇ ಮನೆಗೆ ಹೋದ. ವನಜಾ ಬಾಗಿಲು ತೆರೆದಳು. ಆ ಹೊತ್ತಿನಲ್ಲಿ ಅವನು ಬಂದದ್ದು ನೋಡಿ ಮೈ ಸರಿಯಿಲ್ಲವೇನೋ ಎಂದು ಹೆದರಿದಳು. ಅವನು ಏನೂ ಇಲ್ಲ, ಮನೆಯಲ್ಲಿ ಸ್ವಲ್ಪ ಇರೋಣವೆಂದು ಬಂದೆ ಎಂದ. ಅವಳ ಮುಖ ಬೆಳಗಿತು. ತನಗೆ ಮಾತ್ರ ಮಾಡಿಕೊಂಡಿದ್ದ ಅನ್ನವನ್ನು ಪಕ್ಕಕ್ಕಿಟ್ಟು ಬೇರೆ ಅಕ್ಕಿ ತೊಳೆಯಲು ಹೋದಳು.

ಶ್ರೀಕಂಠ ಬ್ಯಾಗಿನಿಂದ ಕ್ಯಾಮೆರಾ ತೆಗೆದ.

ಅವನು ಆ ಮನೆಯನ್ನು ಹಗಲು ಬೆಳಕಿನಲ್ಲಿ ನೋಡಿ ವರ್ಷಗಳೇ ಆಗಿದ್ದವು. ಈಗ ಬಗ್ಗಿ ನೋಡಿದ, ಮಂಡಿಯೂರಿ ನೋಡಿದ. ಅಡುಗೆಮನೆಯ ನೆಲದಲ್ಲಿ ಒಲೆಯಿಂದ ನಲ್ಲಿಯ ತನಕ ಒಂದು ದಾರಿ ಸವೆದಿತ್ತು. ಸ್ವಿಚ್ ಬೋರ್ಡಿನಲ್ಲಿ ಒಂದೇ ಒಂದು ಸ್ವಿಚ್ಚಿನ ಸುತ್ತ ಬೆರಳಿನ ಕಪ್ಪು ಹತ್ತಿತ್ತು. ಊಟದ ಮೇಜಿಗೆ ಎರಡು ಬೆತ್ತದ ಕುರ್ಚಿಗಳು. ಒಂದರ ಬೆತ್ತ ಜೋತುಬಿದ್ದಿತ್ತು, ಇನ್ನೊಂದರದು ಅಂಗಡಿಯಿಂದ ತಂದ ದಿನದಂತೆ ಬಿಗಿಯಾಗಿತ್ತು. ನಡುಮನೆಯ ಕಿಟಕಿಯಲ್ಲಿ ಸರಳುಗಳೆಲ್ಲ ತುಕ್ಕು ಹಿಡಿದಿದ್ದವು, ಆದರೆ ಒಂದು ಸರಳು ಮಾತ್ರ ಕೈ ಹಿಡಿಯುವ ಎತ್ತರದಲ್ಲಿ ಹೊಳೆಯುತ್ತಿತ್ತು. ಕಿಟಕಿಯ ಪಕ್ಕದ ಗೋಡೆಯಲ್ಲಿ, ನೆಲದ ಮೇಲೆ ಕೂತವರ ತಲೆಯ ಎತ್ತರಕ್ಕೆ, ಒಂದು ಎಣ್ಣೆಯ ಕಲೆ ಇತ್ತು. ಕಲೆಯ ಕೆಳಗೆ ನೆಲದ ಹೊಳಪು ಹೋಗಿತ್ತು.

ಶ್ರೀಕಂಠ ಒಂದೊಂದಾಗಿ ಫೋಟೋ ತೆಗೆಯತೊಡಗಿದ. ಅವನಿಗೆ ಬೇಕಾದ್ದೆಲ್ಲ ಅಲ್ಲಿತ್ತು.

ವನಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ರೀ, ಏನು ಹುಡುಕುತ್ತಿದ್ದೀರಿ?"

"ಮನೆ ಎಲ್ಲೆಲ್ಲಿ ಸವೆದಿದೆ ಅಂತ ನೋಡುತ್ತಿದ್ದೇನೆ."

ಅವಳು ನಕ್ಕಳು. ಅವನು ಮನೆಯ ಬಗ್ಗೆ ಕೇಳಿದ್ದೇ ಅವಳಿಗೆ ಸಂತೋಷವಾಗಿತ್ತು. ಅವಳೇ ತೋರಿಸತೊಡಗಿದಳು. ಚಿಲಕ ಬಡಿದು ಬಾಗಿಲಲ್ಲಿ ಬಿದ್ದ ಗೀರು ತೋರಿಸಿದಳು. ಅತ್ತೆ ಕಾಲು ನೋವಿನಲ್ಲಿ ಹಿಡಿದುಕೊಂಡು ಏಳುತ್ತಿದ್ದ ಕಂಬದ ಮೂಲೆ ತೋರಿಸಿದಳು. ಒಂದು ದೀಪಾವಳಿಯಲ್ಲಿ ಕುಕ್ಕರು ಜಾರಿ ನೆಲ ಒಡೆದದ್ದು, ಆ ದಿನ ಅವನು ಬರಲಿಲ್ಲವೆಂದು ಪಾಯಸವನ್ನೆಲ್ಲ ಪಕ್ಕದ ಮನೆಗೆ ಕೊಟ್ಟದ್ದು, ಎಲ್ಲವನ್ನೂ ಹೇಳಿದಳು. ಅವಳು ಅಷ್ಟು ಮಾತಾಡಿ ಬಹಳ ಕಾಲವಾಗಿತ್ತು. ಶ್ರೀಕಂಠ ಹೂಂ ಹೂಂ ಎನ್ನುತ್ತಾ ಒಡೆದ ನೆಲದ ಫೋಟೋ ತೆಗೆದ.

ಮಾತಾಡುತ್ತಾ ಅವಳು ಕಿಟಕಿಯ ಹತ್ತಿರ ಬಂದು ನಿಂತಳು. ಶ್ರೀಕಂಠ ಆಗ ಗೋಡೆಯ ಕಲೆಗೆ ಕ್ಯಾಮೆರಾ ಹಿಡಿದಿದ್ದ.

"ವನಜಾ, ಸ್ವಲ್ಪ ಆಚೆ ಸರಿ. ನಿನ್ನ ನೆರಳು ಬೀಳುತ್ತಿದೆ."

ಅವಳು ಸರಿದಳು. ಅವನು ಫೋಟೋ ತೆಗೆದುಕೊಂಡ. ಊಟ ಮಾಡಿದ, ಅಡುಗೆ ಚೆನ್ನಾಗಿದೆ ಎಂದ, ಕೆಲಸ ನೆನಪಿರುವಾಗಲೇ ಮುಗಿಸಬೇಕು ಎಂದು ಎದ್ದು ಹೊರಟ. ಅವಳು ಗೇಟಿನ ತನಕ ಬಂದಳು. ಸಿನಿಮಾ ಬಂದಾಗ ನನ್ನನ್ನೂ ಕರೆದುಕೊಂಡು ಹೋಗಿ ಎಂದಳು. ಅವನು ಆಗಲಿ ಎಂದ.

ಅವನು ಸಿನಿಮಾದ ಮನೆಯನ್ನು ಮತ್ತೆ ಕಟ್ಟಿದ. ಹಚ್ಚಿದ್ದ ಕೊಳೆಯನ್ನೆಲ್ಲ ಅಳಿಸಿದ. ಒಲೆಯಿಂದ ನಲ್ಲಿಗೆ ದಾರಿ ಸವೆಸಿದ. ಒಂದು ಕುರ್ಚಿಯ ಬೆತ್ತವನ್ನು ಜೋತುಬೀಳಿಸಿ ಇನ್ನೊಂದನ್ನು ಹೊಸದಾಗಿಯೇ ಬಿಟ್ಟ. ಒಂದು ಸರಳಿಗೆ ಹೊಳಪು ಕೊಟ್ಟ. ಗೋಡೆಯ ಮೇಲೆ ಎಣ್ಣೆಯ ಕಲೆ ಇಟ್ಟ. ಉಳಿದ ಗೋಡೆಯನ್ನು ಹಾಗೆಯೇ ಬಿಟ್ಟ. ಕ್ಯಾಮೆರಾ ಆ ಕೋಣೆಗಳಲ್ಲಿ ನಡೆಯಿತು. ಕಿಟಕಿಯ ಹತ್ತಿರ ಬಂದು ನಿಂತಿತು.

ನಿರ್ದೇಶಕಿ ನೋಡಿದಳು. ಮುಗಿದ ಮೇಲೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇವಳು ಇಲ್ಲಿ ಕೂತಿದ್ದಳು," ಎಂದಳು. ಎದ್ದು ಹೋದಳು.

ಸಿನಿಮಾ ಬಂತು. ಜನ ಅದರ ಕೊನೆಯ ಬಗ್ಗೆಯೇ ಮಾತಾಡಿದರು. ಆ ಮನೆ ಯಾವ ಊರಿನಲ್ಲಿದೆ ಎಂದು ಪತ್ರಿಕೆಯವರು ನಿರ್ದೇಶಕಿಯನ್ನು ಕೇಳಿದರು. ಅಂಥ ಮನೆ ಎಲ್ಲಿಯೂ ಇಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಶ್ರೀಕಂಠ ಅದನ್ನೆಲ್ಲ ಓದಿದ. ಅವನು ಮಾಡಿದ ಯಾವ ಕೆಲಸವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಹೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ. ವನಜಾಳಿಗೆ ಕೊಟ್ಟ ಮಾತು ನೆನಪಾಗಿ ಅವಳನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದ.

ಹಿಂದೆಯೂ ಅವಳು ಅವನ ಜೊತೆ ಕೆಲವು ಸಿನಿಮಾ ನೋಡಿದ್ದಳು. ನೀವು ಮಾಡಿದ್ದು ಯಾವುದು ಎಂದು ಕಿವಿಯಲ್ಲಿ ಕೇಳುತ್ತಿದ್ದಳು. ಅವನು ಹೇಳುತ್ತಿರಲಿಲ್ಲ, ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಈ ಸಲ ಅವಳು ಕೇಳಲೇ ಇಲ್ಲ. ಖಾಲಿ ಕೋಣೆಗಳು ಪರದೆಯ ಮೇಲೆ ಬಂದಾಗ ಅವಳು ನೆಟ್ಟಗೆ ಕೂತಳು. ಕುರ್ಚಿಗಳು ಬಂದವು. ಸರಳು ಬಂತು. ಗೋಡೆ ಬಂತು. ಅವರ ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದಳು:

"ಪಾಪ, ಇಲ್ಲಿ ತಲೆ ಒರಗಿಸಿಕೊಂಡು ಎಷ್ಟು ವರ್ಷ ಕಾದಳೋ."

ವನಜಾ ಅದನ್ನು ಕೇಳಿಸಿಕೊಂಡಳು.

ಮನೆಗೆ ಬಂದು ಚಪ್ಪಲಿ ಬಿಟ್ಟು ನೇರವಾಗಿ ಕಿಟಕಿಯ ಹತ್ತಿರ ಹೋದಳು. ಗೋಡೆಯ ಮೇಲೆ ಅಂಗೈ ಇಟ್ಟಳು.

"ಇದು ಏನು ಅಂತ ನಿಮಗೆ ಗೊತ್ತಿತ್ತಾ?"

"ಎಣ್ಣೆ ಕಲೆ," ಎಂದ ಶ್ರೀಕಂಠ. ಅವಳು ಗುರುತು ಹಿಡಿದದ್ದು ಅವನಿಗೆ ಹೆಮ್ಮೆಯೆನಿಸಿತ್ತು. "ಇಡೀ ಥಿಯೇಟರಿನಲ್ಲಿ ನಿನಗೊಬ್ಬಳಿಗೇ ಗೊತ್ತಾಗಿದ್ದು ನೋಡು."

"ಯಾರ ತಲೆಯ ಎಣ್ಣೆ?"

"ನಿನ್ನದೇ ಇರಬೇಕು."

"ಆ ಹೆಂಗಸು ನನ್ನನ್ನು ಯಾವತ್ತೂ ನೋಡಿದವಳಲ್ಲ," ಎಂದಳು ವನಜಾ. "ನನಗಾಗಿ ಅತ್ತಳು."

"ಅವಳು ಅತ್ತಿದ್ದು ಸಿನಿಮಾದವಳಿಗಾಗಿ."

"ಸಿನಿಮಾದವಳು ಈ ಗೋಡೆಗೆ ಒರಗಿರಲಿಲ್ಲ."

ವನಜಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಏನಾದರೂ ಹೇಳಬಹುದಿತ್ತು. ಅವಳು ಮತ್ತೂ ಹೇಳಿದಳು:

"ಪ್ರತಿ ಸಂಜೆ ಇಲ್ಲೇ ಕೂರುತ್ತಿದ್ದೆ. ಬೀದಿಯಲ್ಲಿ ಸ್ಕೂಟರಿನ ಸದ್ದು ಕೇಳಿದರೆ ಸರಳು ಹಿಡಿದು ಎದ್ದು ನೋಡುತ್ತಿದ್ದೆ. ನಿಮಗೆ ಸರಳು ಕಂಡಿತು, ಕಲೆ ಕಂಡಿತು. ಅಷ್ಟು ಹತ್ತಿರ ಬಂದು ನೋಡಿದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವಳು ಒಳಗೆ ಹೋಗಿ ಅಡುಗೆಗೆ ತೊಡಗಿದಳು. ಶ್ರೀಕಂಠ ನಡುಮನೆಯಲ್ಲಿ ನಿಂತೇ ಇದ್ದ. ತಪ್ಪಾಯಿತು ಎನ್ನಬೇಕೆಂದುಕೊಂಡ. ಯಾವ ತಪ್ಪು ಎಂದು ಅವಳು ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಸುಮ್ಮನಾದ.

ಅವನು ಕೆಟ್ಟವನಲ್ಲ. ಅವಳ ಮಾತು ಅವನನ್ನು ಕೊರೆಯಿತು. ಕೆಲಸ ಬೇಗ ಮುಗಿಸಿ ಮನೆಗೆ ಬರಬೇಕು ಎಂದು ನಿಶ್ಚಯಿಸಿದ. ಒಂದು ದಿನ ಹಾಗೆಯೇ ಬಂದ. ಹೊತ್ತು ಇನ್ನೂ ಮುಳುಗಿರಲಿಲ್ಲ. ವನಜಾ ಕಾಫಿ ತಂದಳು. ಇಬ್ಬರೂ ಎದುರುಬದುರು ಕೂತರು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಪಕ್ಕದ ಮನೆಯವರು ನಾಯಿ ತಂದಿದ್ದಾರೆ ಎಂದಳು ಅವಳು. ಹೌದೇ ಎಂದ ಅವನು. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಅವಳ ಕೆನ್ನೆಯ ಮೇಲೆ ಬಿತ್ತು. ಶ್ರೀಕಂಠ ನೋಡಿದ. ಕಿವಿಯ ಹಾಲೆಯಲ್ಲಿ ಬೆಳಕು ಒಳಗಿನಿಂದ ಕೆಂಪಾಗಿ ಹಾಯುತ್ತಿತ್ತು. ಚರ್ಮ ಬೆಳಕನ್ನು ಒಳಕ್ಕೆ ಎಳೆದುಕೊಂಡು ಆಚೆ ಬಿಡುತ್ತದೆ, ಅದಿಲ್ಲದೆ ಮಾಡಿದ ಮುಖ ಮೇಣದ ಮುಖವಾಗುತ್ತದೆ ಎಂದು ಅವನು ಯೋಚಿಸುತ್ತಿದ್ದ. ತಲೆ ಸ್ವಲ್ಪ ಓರೆ ಮಾಡಿ ಮತ್ತೆ ನೋಡಿದ.

"ನನ್ನನ್ನು ನೋಡುತ್ತಿದ್ದೀರೋ, ಬಿಸಿಲನ್ನು ನೋಡುತ್ತಿದ್ದೀರೋ?" ಎಂದು ವನಜಾ ಕೇಳಿದಳು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದೇ ದಿನಗಳಲ್ಲಿ ಅರಸೀಕೆರೆಯಿಂದ ವನಜಾಳ ಅಕ್ಕನ ಫೋನು ಬಂತು. ಅಕ್ಕನ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತಿಯನ್ನೂ ಮಗುವನ್ನೂ ನೋಡಿಕೊಳ್ಳಲು ಇನ್ನೊಂದು ಕೈ ಬೇಕಿತ್ತು. ಹೋಗಿಬರುತ್ತೇನೆ ಎಂದಳು ವನಜಾ. ಹೋಗಿಬಾ ಎಂದ ಶ್ರೀಕಂಠ. ಅವನೇ ಸ್ಟೇಷನ್ನಿಗೆ ಬಿಟ್ಟು ಬಂದ. ರೈಲು ಹೊರಡುವ ತನಕ ಅವಳು ಡಬ್ಬಿಗಳ ವಿಷಯ ಹೇಳಿದಳು. ಯಾವುದರಲ್ಲಿ ಸಾರಿನ ಪುಡಿ, ಯಾವುದರಲ್ಲಿ ಅವಲಕ್ಕಿ ಎಂದೆಲ್ಲ ಹೇಳಿದಳು. ಮೊದಮೊದಲು ದಿನವೂ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದಳು. ಬಾಣಂತನ ಮುಗಿಯಿತು. ಮಗು ಅವಳಿಗೆ ಅಂಟಿಕೊಂಡಿದೆ, ಇನ್ನೂ ಸ್ವಲ್ಪ ದಿನ ಇರುತ್ತೇನೆ ಎಂದಳು. ಇರು ಎಂದ ಶ್ರೀಕಂಠ. ಫೋನು ದಿನ ಬಿಟ್ಟು ದಿನವಾಯಿತು. ಆಮೇಲೆ ಹಬ್ಬಕ್ಕೆ ಮಾತ್ರ ಬಂತು.

ಒಮ್ಮೆ ಅವನು ಅರಸೀಕೆರೆಗೆ ಹೋದ. ಕರೆದುಕೊಂಡು ಬರಬೇಕೆಂದೇ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡ. ಅಕ್ಕನ ಮನೆಯ ತುಂಬ ಜನವಿದ್ದರು. ವನಜಾ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಮಗು ಕಿರುಚುತ್ತಿತ್ತು, ಅವಳು ನಗುತ್ತಿದ್ದಳು. ಅವಳು ನಗುವುದನ್ನು ಅವನು ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ ಅವಳು ಬಂದು ಅವನಿಗೆ ಕಾಫಿ ಕೊಟ್ಟಳು. ಸೊರಗಿದ್ದೀರಿ ಎಂದಳು. ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೇಳಿದಳು:

"ಇವತ್ತೇ ಹೊರಡುತ್ತೀರಾ?"

"ಹೂಂ. ಕೆಲಸವಿದೆ," ಎಂದ ಶ್ರೀಕಂಠ.

ಅವತ್ತು ಅವನಿಗೆ ಯಾವ ಕೆಲಸವೂ ಇರಲಿಲ್ಲ. ಹೇಳಬೇಕೆಂದು ತಂದಿದ್ದ ಮಾತನ್ನು ಹಾಗೆಯೇ ವಾಪಸು ತೆಗೆದುಕೊಂಡು ಸಂಜೆಯ ರೈಲು ಹತ್ತಿದ.

ಅವನ ಹೆಸರು ಬೆಳೆಯಿತು. ಖಾಲಿ ಮನೆಯ ದೃಶ್ಯ ಬೇಕಾದರೆ ಅವನ ಬಳಿಗೇ ಹೋಗಬೇಕು ಎಂದು ಬೇರೆ ಊರಿನ ಸಿನಿಮಾದವರೂ ಮಾತಾಡಿಕೊಂಡರು. ಅವನು ಕೇಳಿದವರಿಗೆಲ್ಲ ಮಾಡಿಕೊಟ್ಟ. ಒಬ್ಬನೇ ಉಂಡ, ಒಬ್ಬನೇ ಮಲಗಿದ. ಯಾರಾದರೂ ಮಾತಿಗೆ ಸಿಕ್ಕರೆ ಕೆಲಸದ ಮಾತಾಡಿದ.

ಕೆಲವು ಕಾಲದ ಮೇಲೆ ಒಂದು ಸಿನಿಮಾದವರು ಹೊಸದೊಂದನ್ನು ಕೇಳಿದರು. ಮನೆಯೊಂದರ ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿರಬೇಕು. ಮುಖ ಕಾಣುವುದು ಬೇಡ. ದೂರದಿಂದ ನೋಡಿದರೆ ಯಾರಿಗೋ ಕಾಯುತ್ತಿದ್ದಾಳೆ ಎಂದು ತಿಳಿದರೆ ಸಾಕು.

ಇದು ತನಗೆ ಸುಲಭ ಎಂದುಕೊಂಡ ಶ್ರೀಕಂಠ. ಕಿಟಕಿ ಮಾಡಿದ, ಬೆಳಕು ಕೊಟ್ಟ. ಹೆಂಗಸನ್ನು ಕೂರಿಸಲು ಹೋದ. ಅವಳು ಯಾವ ಕಾಲನ್ನು ಮಡಿಸಿ ಕೂರಬೇಕು? ಸರಳನ್ನು ಯಾವ ಕೈಯಲ್ಲಿ ಹಿಡಿಯಬೇಕು? ಕಾದು ಸಾಕಾದಾಗ ಅವಳ ಹೆಗಲು ಹೇಗೆ ಇಳಿಯುತ್ತದೆ? ಮುಖ ಬೀದಿಯ ಕಡೆಗಿರುತ್ತದೆಯೋ, ಮಡಿಲಲ್ಲಿರುವ ಹೊಲಿಗೆಯ ಕಡೆಗೋ? ಅವನು ಕಣ್ಣು ಮುಚ್ಚಿದ. ನೆಲದ ಪ್ರತಿಯೊಂದು ಗೀರೂ ಕಂಡಿತು. ಅಲ್ಲಿ ಕೂತವಳು ಕಾಣಲಿಲ್ಲ. ಅವಳು ಹಾಗೆ ಕೂತಿದ್ದಾಗ ಅವನು ಒಮ್ಮೆಯೂ ಮನೆಯಲ್ಲಿರಲಿಲ್ಲ. ಬೇರೆ ಬೇರೆ ರೀತಿಯಲ್ಲಿ ಕೂರಿಸಿ ನೋಡಿದ. ಪ್ರತಿ ಸಲವೂ ಅಲ್ಲೊಂದು ಗೊಂಬೆ ಕೂತಿತ್ತು.

ಕೊನೆಗೆ ಅವನು ಅರಸೀಕೆರೆಗೆ ಫೋನು ಮಾಡಿದ. ವನಜಾಳೇ ಎತ್ತಿದಳು. ಬಹಳ ದಿನದ ಮೇಲೆ ಅವನಾಗಿ ಮಾಡಿದ್ದಕ್ಕೆ ಅವಳ ದನಿ ಬದಲಾಯಿತು.

"ಹೇಳಿ. ಹೇಗಿದ್ದೀರಿ?"

"ವನಜಾ, ನೀನು ಕಿಟಕಿಯ ಹತ್ತಿರ ಹೇಗೆ ಕೂರುತ್ತಿದ್ದೆ?"

ಆ ಕಡೆ ಯಾರೋ ಪಾತ್ರೆ ಇಡುವ ಸದ್ದು ಕೇಳಿಸಿತು. ಅವನು ಕಾದ.

"ಇದು ಕೆಲಸಕ್ಕೋ?" ಎಂದಳು ಅವಳು.

ಅವನು ಅಲ್ಲ ಎನ್ನಬೇಕೆಂದುಕೊಂಡ. ಕೆಲಸಕ್ಕೇ ಎಂದು ಶುರುವಾದದ್ದು ಈಗ ಅಷ್ಟೇ ಆಗಿ ಉಳಿದಿಲ್ಲ ಎಂದು ಹೇಳಬೇಕೆಂದುಕೊಂಡ. ನಿನ್ನನ್ನು ನೆನಪಿಸಿಕೊಳ್ಳಲು ಆಗುತ್ತಿಲ್ಲ, ನನಗೆ ಭಯವಾಗುತ್ತಿದೆ ಎಂದು ಹೇಳಬೇಕೆಂದುಕೊಂಡ. ಆ ಮಾತುಗಳನ್ನು ಅವನು ಯಾವತ್ತೂ ಆಡಿ ಅಭ್ಯಾಸವಿರಲಿಲ್ಲ. ಅವನು ಹುಡುಕುತ್ತಿರುವಾಗಲೇ ಅವಳು ಹೇಳಿದಳು:

"ಮಗು ಏಳುತ್ತಿದೆ. ಇಡುತ್ತೇನೆ."

ಶ್ರೀಕಂಠ ಆ ದೃಶ್ಯವನ್ನು ಮುಗಿಸಲಿಲ್ಲ. ನನ್ನಿಂದಾಗುವುದಿಲ್ಲ ಎಂದು ಸಿನಿಮಾದವರಿಗೆ ಹೇಳಿಕಳಿಸಿದ. ಅವರು ಬೇರೆಯವರಿಂದ ಮಾಡಿಸಿಕೊಂಡರು. ಅವನು ಹಗಲೆಲ್ಲ ಕಂಪ್ಯೂಟರಿನ ಮುಂದೆ ಆ ಕಿಟಕಿಯನ್ನು ತೆರೆದಿಟ್ಟುಕೊಂಡು ಕೂರುತ್ತಿದ್ದ. ನೋಡಿದವರು ಹೊಸ ಕೆಲಸವಿರಬೇಕು ಎಂದುಕೊಂಡು ಹೋಗುತ್ತಿದ್ದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನಂದೀಶ ತಲೆ ತಗ್ಗಿಸಿ ಕೂತಿದ್ದ. ಏನನ್ನೋ ಗಾಢವಾಗಿ ಯೋಚಿಸುತ್ತಿದ್ದ. ಆಮೇಲೆ ಕತ್ತೆತ್ತಿದ.

"ಗುರುಗಳೇ, ಕಿವಿಯ ಹಾಲೆಯಲ್ಲಿ ಬೆಳಕು ಒಳಗಿನಿಂದ ಹಾಯುವುದನ್ನು ಹೇಳಿದಿರಲ್ಲ, ಅದನ್ನು ಹೇಗೆ ಮಾಡುವುದು?"

ಗುರುಗಳು ಅವನ ಮುಖವನ್ನು ನೋಡಿದರು.

"ವನಜಾ ಮತ್ತೆ ಬಂದಳೇ ಎಂದು ನೀನು ಕೇಳಲಿಲ್ಲ."